ಪರಾಭವ ಸಂವತ್ಸರಕ್ಕೆ ಹದಿಮೂರು ತಿಂಗಳು: ಭರವಸೆಗೆ ಎಲ್ಲಿ ಕೈ ಹಾಕಬೇಕು?

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯೋಪಾಧ್ಯಾಯ. ತುಮಕೂರು ತಾಲ್ಲೂಕು, ಬೆಳ್ಳಾವಿ ಕಡೆಯ ಹಳ್ಳಿ. ಬೆಳಗ್ಗೆ ಪೇಪರ್, ಮಧ್ಯಾಹ್ನ ವಾಟ್ಸ್ಆ್ಯಪ್, ರಾತ್ರಿ ಟಿವಿ ಚರ್ಚೆ. ಮೂರರಲ್ಲೂ ಜಗಳ, ಜಾತಿ, ಪಕ್ಷಾಂತರ, ದುಡ್ಡು. ಬೆಂಗಳೂರಿನಲ್ಲಿರುವ ಮಗ ‘ಈ ದೇಶ ಮುಗೀತು ಅಪ್ಪಾಜಿ’ ಅಂತ ಹೊರದೇಶಕ್ಕೆ ಹೊರಟು ನಿಂತಿದ್ದಾನೆ. ಯುಗಾದಿ ದಿನ ಬೇವು-ಬೆಲ್ಲ ಕೊಡುವಾಗ ಮೊಮ್ಮಗಳು ‘ಹೊಸ ವರ್ಷದ ಹೆಸರೇನು ತಾತ’ ಅಂದಳು. ‘ಪರಾಭವ’ ಅಂದೆ. ಹಾಗಂದ್ರೆ ಏನು ಅಂತ ಕೇಳಿದಳು. ಸೋಲು ಅನ್ನಲು ಬಾಯಿ ಬರಲಿಲ್ಲ. ರಾಜಕೀಯ ಹೀಗಿರುವಾಗ ಹೊಸ ವರ್ಷವನ್ನು ಭರವಸೆಯಿಂದ ಎದುರುಗೊಳ್ಳುವುದು ಹೇಗೆ? ಉಪದೇಶ ಬೇಡ, ಮಾಡಲಿಕ್ಕಾಗುವುದನ್ನು ಹೇಳಿ.

ಉತ್ತರ: ಮೇಷ್ಟ್ರೇ, ಮೊದಲು ಮೊಮ್ಮಗಳಿಗೆ ಉತ್ತರ ಕೊಡೋಣ. ಪರಾಭವ ಅಂದರೆ ಸೋಲು ಅಂತಲೇ ಹೇಳಿ, ಮುಚ್ಚಿಡಬೇಡಿ. ಆಮೇಲೆ ಪಂಚಾಂಗದ ಅರವತ್ತು ಹೆಸರುಗಳ ಪಟ್ಟಿಯನ್ನೂ ಚರಿತ್ರೆ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ನಮ್ಮ ಸಂವಿಧಾನ ಜಾರಿಗೆ ಬಂದ 1950ರ ಜನವರಿ 26 ಬಿದ್ದದ್ದು ‘ವಿರೋಧಿ’ ಸಂವತ್ಸರದಲ್ಲಿ. ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾದ 1956ರ ನವೆಂಬರ್ 1 ‘ದುರ್ಮುಖಿ’ಯಲ್ಲಿ. ಎಲ್ಲವನ್ನೂ ಗೆದ್ದದ್ದು ಅನ್ನುವ ಅರ್ಥದ ‘ಸರ್ವಜಿತು’ 1947-48ರದು. ಸ್ವಾತಂತ್ರ್ಯ, ದೇಶವಿಭಜನೆಯ ರಕ್ತಪಾತ, ಗಾಂಧಿಯವರ ಹತ್ಯೆ ಮೂರೂ ಅದರೊಳಗೇ ಇವೆ. ಹೆಸರಿಗೆ ತಕ್ಕಂತೆ ನಡೆದ ವರ್ಷವೂ ಇಲ್ಲದಿಲ್ಲ: 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ‘ರಾಕ್ಷಸ’ ಸಂವತ್ಸರ ನಡೆಯುತ್ತಿತ್ತು.

ಇದಕ್ಕೂ ಹಿಂದಿನ ಪರಾಭವ ಯಾವುದು ನೋಡಿ. 1966ರ ಮಾರ್ಚ್‌ನಿಂದ 1967ರ ಏಪ್ರಿಲ್‌ವರೆಗಿನದು. ಅರವತ್ತರ ಆಸುಪಾಸಿನ ನಿಮಗೆ ನೆನಪಿರಲಾರದು, ಮನೆಯ ಹಿರಿಯರು ಹೇಳಿದ್ದು ಕಿವಿಯಲ್ಲಿ ಇದ್ದೀತು. ಹಿಂದಿನ ವರ್ಷವಷ್ಟೇ ಯುದ್ಧ ಮುಗಿದಿತ್ತು, ಆ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ತಾಷ್ಕೆಂಟ್‌ನಲ್ಲಿ ತೀರಿಕೊಂಡಿದ್ದರು. ಜೂನ್ 6ಕ್ಕೆ ರೂಪಾಯಿ ಬೆಲೆ ಇಳಿಸಿದರು. ಒಂದು ಡಾಲರ್‌ಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಬಿಹಾರದಲ್ಲಿ ಬರ, ಅಮೆರಿಕದ ಹಡಗಿನ ಗೋಧಿಗೆ ಕಾಯುವ ಸ್ಥಿತಿ. ಮೈಸೂರು-ಮಹಾರಾಷ್ಟ್ರ ಗಡಿ ಜಗಳಕ್ಕೆ ಮಹಾಜನ ಆಯೋಗ ನೇಮಕವಾದದ್ದೂ ಆ ಅಕ್ಟೋಬರ್‌ನಲ್ಲೇ. 1967ರ ಆರಂಭದಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ದೆಹಲಿ ವರದಿಗಾರ ನೆವಿಲ್ ಮ್ಯಾಕ್ಸ್‌ವೆಲ್, ಭಾರತದ ಪ್ರಜಾಪ್ರಭುತ್ವ ಕುಸಿಯುತ್ತಿದೆ, ಈ ನಾಲ್ಕನೇ ಸಾರ್ವತ್ರಿಕ ಚುನಾವಣೆಯೇ ಖಂಡಿತ ಕೊನೆಯದು ಎಂದು ಬರೆದರು. ಫೆಬ್ರವರಿಯಲ್ಲಿ ನೂರಕ್ಕೆ 61ರಷ್ಟು ಮತದಾರರು ಸಾಲಿನಲ್ಲಿ ನಿಂತು ಮತ ಹಾಕಿದರು. ಅದಕ್ಕೂ ಮುಂಚೆ, 1966ರಲ್ಲಿ, 18,000 ಟನ್ ಮೆಕ್ಸಿಕನ್ ಗೋಧಿ ಬೀಜ ಹಡಗಿನಲ್ಲಿ ಬಂದಿಳಿದಿತ್ತು. ಮುಂದೆ ಹಸಿರು ಕ್ರಾಂತಿ ಮೊಳೆತದ್ದು ಅದರಿಂದ. ನಿಮ್ಮ ಮಗ ಹೇಳುವ ‘ಮುಗೀತು’ ಅನ್ನುವ ಮಾತಿಗೆ ಅರವತ್ತು ವರ್ಷ ವಯಸ್ಸಾಗಿದೆ ಅಂತಷ್ಟೇ ಹೇಳುತ್ತಿದ್ದೇನೆ. ಈಗಿನ ಚಿಂತೆಗಳು ಸುಳ್ಳು ಅಂತಲ್ಲ. ಆಗಿನವೂ ಸುಳ್ಳಾಗಿರಲಿಲ್ಲ.

 

ಈಗ ಕೆಲಸಕ್ಕೆ ಬರೋಣ. ಈ ಸಂವತ್ಸರಕ್ಕೆ ಅಧಿಕ ಜ್ಯೇಷ್ಠ ಸೇರಿ ಹದಿಮೂರು ತಿಂಗಳು. 2026ರ ಮಾರ್ಚ್ 19ರಿಂದ 2027ರ ಏಪ್ರಿಲ್ 7ರ ಪ್ಲವಂಗ ಯುಗಾದಿಯವರೆಗೆ 384 ದಿನ. ಒಂದು ಕೆಲಸವನ್ನು ಹಿಡಿದು ಮುಗಿಸಲು ಸಾಕಾಗುವಷ್ಟು ಕಾಲ.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ. ಎಡಗಡೆ ನಿಮ್ಮ ನಿದ್ದೆ ಕೆಡಿಸುವ ಚಿಂತೆಗಳನ್ನೆಲ್ಲ ಬರೆಯಿರಿ, ದೆಹಲಿಯದೂ ಸೇರಿ. ಬಲಗಡೆ ಆ ವಿಷಯದ ಫೈಲು ಯಾವ ಕಚೇರಿಯ ಯಾವ ಅಧಿಕಾರಿಯ ಮೇಜಿನ ಮೇಲಿದೆ ಅಂತ ಬರೆಯಿರಿ. ‘ಸಂಸತ್ತಿನಲ್ಲಿ ಗಲಾಟೆ’ ಎದುರಿಗೆ ನಿಮ್ಮ ಕೈಗೆ ಸಿಗುವ ಮೇಜು ಇಲ್ಲ. ಅಲ್ಲಿ ಮುಂದಿನ ಚುನಾವಣೆಯ ವರ್ಷ ಬರೆದು ಮುಂದೆ ಹೋಗಿ. ‘ಶಾಲೆಗೆ ಗಣಿತದ ಮೇಷ್ಟ್ರಿಲ್ಲ’ ಎದುರಿಗೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ‘ಮೇಲಿನ ಕೇರಿಗೆ ನಲ್ಲಿ ನೀರು ಬರಲ್ಲ’ ಎದುರಿಗೆ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಇಪ್ಪತ್ತು ಸಾಲು ಬರೆದರೆ ನಾಲ್ಕೈದಕ್ಕಾದರೂ ಬಲಗಡೆ ಒಂದು ಹೆಸರು ಬರುತ್ತದೆ. ಅದರಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಹತ್ತು ಹಿಡಿದವರು ಆಷಾಢದ ಹೊತ್ತಿಗೆ ಹತ್ತನ್ನೂ ಬಿಟ್ಟಿರುತ್ತಾರೆ.

ಉದಾಹರಣೆಗೆ ನೀರನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದನ್ನು ಅಳೆಯಬಹುದು. ಜಲ ಜೀವನ್ ಮಿಷನ್, ನಮ್ಮ ರಾಜ್ಯದ ‘ಮನೆ ಮನೆಗೆ ಗಂಗೆ’, ಲೆಕ್ಕ ಹಾಕಿರುವುದು ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. 15 ಲೀಟರಿನ ಕೊಡದಲ್ಲಿ ಹದಿನೆಂಟಕ್ಕಿಂತ ಚೂರು ಜಾಸ್ತಿ. ದಿನ ಬಿಟ್ಟು ದಿನ ಒಂದು ಗಂಟೆ ನೀರು ಬಿಡುವ ಊರಾದರೆ ಆ ಒಂದು ಗಂಟೆಯಲ್ಲಿ 550 ಲೀಟರ್ ಬರಬೇಕು. ಅಂದರೆ ಒಂದು ಕೊಡ ಸುಮಾರು 98 ಸೆಕೆಂಡಿನಲ್ಲಿ ತುಂಬಬೇಕು. ಮೂರು ನಿಮಿಷ ಹಿಡಿದರೆ ನಿಮಗೆ ಬರುತ್ತಿರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ‘ನೀರು ಸರಿಯಾಗಿ ಬರಲ್ಲ ಸಾರ್’ ಅಂದರೆ ಪಿಡಿಒ ‘ನೋಡೋಣ’ ಅನ್ನುತ್ತಾರೆ. ‘ಟ್ಯಾಂಕ್ ಹತ್ತಿರದ ಮನೆಯಲ್ಲಿ ಕೊಡ 70 ಸೆಕೆಂಡು, ಕೊನೆಯ ಮನೆಯಲ್ಲಿ 4 ನಿಮಿಷ, ಎಂಟು ಸಲ ನೋಡಿದ್ದೇವೆ, ದಿನಾಂಕ ಇಲ್ಲಿದೆ’ ಅಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಅಳತೆಗೆ ಹತ್ತು ಮನೆ ಸಾಕು: ಟ್ಯಾಂಕ್ ಹತ್ತಿರ ಮೂರು, ನಡುವೆ ಮೂರು, ಲೈನಿನ ತುದಿಯಲ್ಲಿ ನಾಲ್ಕು. ಒಂದೇ ಅಳತೆಯ ಕೊಡ ಬಳಸಿ. ನೀರು ಬಿಟ್ಟ ಹತ್ತು ನಿಮಿಷದ ಮೇಲೆ ಸಮಯ ನೋಡಿ, ಮೊದಲಿಗೆ ಗಾಳಿ ಬರುವುದರಿಂದ ಲೆಕ್ಕ ತಪ್ಪುತ್ತದೆ. ಒಂದು ತಿಂಗಳು ಹೀಗೆ ಬರೆದರೆ ಕಾರಣವೂ ತಾನಾಗಿ ಕಾಣತೊಡಗುತ್ತದೆ. ಎಲ್ಲ ಮನೆಯಲ್ಲೂ ಕಡಿಮೆ ಇದ್ದರೆ ಕೊಳವೆಬಾವಿ ಅಥವಾ ಮೋಟಾರ್. ತುದಿಯಲ್ಲಿ ಮಾತ್ರ ಕಡಿಮೆ ಇದ್ದರೆ ವಾಲ್ವ್ ತಿರುಗಿಸುವ ಕ್ರಮ, ಇಲ್ಲವೇ ಯಾರೋ ಲೈನಿಗೆ ನೇರ ಮೋಟಾರ್ ಇಟ್ಟು ಎಳೆಯುತ್ತಿದ್ದಾರೆ. ಒಂದು ವಾರ ಸರಿ, ಒಂದು ವಾರ ಇಲ್ಲ ಅಂದರೆ ಕರೆಂಟ್ ಹೊತ್ತು. ಟ್ಯಾಂಕಿಗೆ ಏರಿಸದೆ ಕೊಳವೆಬಾವಿಯಿಂದ ನೇರ ಲೈನಿಗೆ ಬಿಡುವ ಊರುಗಳೂ ಇವೆ. ಅಲ್ಲಿ ಎತ್ತರದ ಕೇರಿಗೆ ನೀರು ಹತ್ತುವುದೇ ಇಲ್ಲ. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಮೊದಲ ದಿನವೇ ಜೊತೆಗೆ ಕರೆದುಕೊಳ್ಳಿ. ಅವರಿಗೆ ಇದೆಲ್ಲ ಗೊತ್ತಿರುತ್ತದೆ, ಕೇಳುವವರು ಇರುವುದಿಲ್ಲ, ಬೈಯುವವರು ಮಾತ್ರ ಇರುತ್ತಾರೆ.

ಇದಕ್ಕೂ ರಾಜಕೀಯಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ವಿಧಾನಸೌಧದಲ್ಲಿ ಮಂಡನೆಯಾದ ಬಜೆಟ್ಟು ಕೊನೆಗೆ ಬಂದು ನಿಲ್ಲುವುದು ಈ ನಲ್ಲಿಯ ಬಾಯಲ್ಲಿ. ಮೇಲಿನಿಂದ ನೋಡಿದರೆ ಪಕ್ಷಗಳ ಜಗಳ ಕಾಣುತ್ತದೆ. ಈ ತುದಿಯಿಂದ ನೋಡಿದರೆ ಎಷ್ಟು ಮೀಟರ್ ಪೈಪು, ಯಾರ ಸಹಿ ಅನ್ನುವುದು ಕಾಣುತ್ತದೆ. ಎರಡನೆಯದರಲ್ಲಿ ನಿಮ್ಮ ಕೈಯಾಡುತ್ತದೆ.

ಅಳತೆ ಕೈಗೆ ಬಂದ ಮೇಲೆ ದಾಖಲೆ ತೆಗೆಸಬೇಕು. ಮಾಹಿತಿ ಹಕ್ಕು ಅಧಿನಿಯಮ 2005ರಲ್ಲಿ ಬಂತು, ಎಲ್ಲರಿಗೂ ಗೊತ್ತು. ಅರ್ಜಿ ಬರೆಯುವ ರೀತಿ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕ ಇಲ್ಲ. ನಮೂನೆ ‘ಎ’ಯಲ್ಲಿ ಬರೆದು, ಗ್ರಾಮ ಪಂಚಾಯತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯಾದ ಪಿಡಿಒ ಅವರ ಹೆಸರಿಗೆ ಹೀಗೆ ಕೇಳಿ:

‘2025-26ನೇ ಸಾಲಿನಲ್ಲಿ ನಮ್ಮ ಗ್ರಾಮದ ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿಗೆ ಸಂಬಂಧಿಸಿದ ಅನುಮೋದಿತ ಕ್ರಿಯಾಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಹಣ ಪಾವತಿಯ ವೋಚರ್‌ಗಳ ದೃಢೀಕೃತ ನಕಲುಗಳನ್ನು ಕೊಡಬೇಕಾಗಿ ಕೋರಿಕೆ.’

ಇಷ್ಟೇ. ‘ಯಾಕೆ ನೀರು ಬಿಟ್ಟಿಲ್ಲ’, ‘ಯಾರು ತಿಂದರು’ ಅಂತ ಬರೆದರೆ ಅರ್ಜಿ ಅಲ್ಲೇ ಸಾಯುತ್ತದೆ, ಏಕೆಂದರೆ ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಕಾರಣ ವಿವರಿಸು, ಅಭಿಪ್ರಾಯ ಹೇಳು ಅಂತ ಅಧಿಕಾರಿಯನ್ನು ಕೇಳಲು ಬರುವುದಿಲ್ಲ. ಕಾಗದಗಳಲ್ಲಿ ಜೀವ ಇರುವುದು ಅಳತೆ ಪುಸ್ತಕಕ್ಕೆ. ಎಂಬಿ ಅಂತಾರಲ್ಲ, ಅದು. ಇಂಜಿನಿಯರು ಸ್ಥಳಕ್ಕೆ ಬಂದು ಎಷ್ಟು ಉದ್ದ, ಎಷ್ಟು ಆಳ, ಯಾವ ಸೈಜಿನ ಪೈಪ್ ಅಂತ ಬರೆದು ಸಹಿ ಹಾಕುವ ಪುಸ್ತಕ. ಬಿಲ್ಲು ಆಗುವುದು ಅದರ ಮೇಲೆಯೇ. ಅದರಲ್ಲಿ 320 ಮೀಟರ್ ಅಂತಿದ್ದು ನಿಮ್ಮ ಟೇಪು 210 ತೋರಿಸಿದರೆ, ಭಾಷಣ ಬೇಕಾಗಿಲ್ಲ.

ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳುತ್ತೇನೆ. ನೀರಿನ ದೊಡ್ಡ ಕಾಮಗಾರಿಯನ್ನು ಪಂಚಾಯತಿ ಬದಲು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಮಾಡಿರಬಹುದು. ಆಗ ‘ನಮ್ಮಲ್ಲಿ ಇಲ್ಲ’ ಎಂಬ ಹಿಂಬರಹ ಬರುತ್ತದೆ. ಕಲಂ 6(3)ರ ಪ್ರಕಾರ ಐದು ದಿನದೊಳಗೆ ಅರ್ಜಿಯನ್ನು ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಹೊಣೆ. ಅರ್ಜಿಯ ಕೊನೆಯಲ್ಲಿ ಆ ಒಂದು ಸಾಲು ಸೇರಿಸಿಬಿಡಿ. ಉತ್ತರಕ್ಕೆ 30 ದಿನ. ಬರದಿದ್ದರೆ ಅದನ್ನು ನಿರಾಕರಣೆ ಅಂತಲೇ ಲೆಕ್ಕ. ಅಲ್ಲಿಂದ 30 ದಿನದೊಳಗೆ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ. ಅವರಿಗೆ 30, ಹೆಚ್ಚೆಂದರೆ 45 ದಿನ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ನಕಲು ಶುಲ್ಕ ಕೇಳುವಂತಿಲ್ಲ. ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆಯೋಗದ ಹಂತಕ್ಕೆ ಹೋದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅದು ನಿಜ. ಆದರೆ ಹಳ್ಳಿಯ ಎಷ್ಟೋ ವಿಷಯಗಳು ಮೊದಲ ಮೇಲ್ಮನವಿಯ ನೋಟಿಸು ಬಂದ ಕೂಡಲೇ ಸಡಿಲಾಗುತ್ತವೆ.

ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ‘ನಾಳೆ ಬನ್ನಿ’ ಅಂದರೆ ಅಂಚೆ ಕಚೇರಿಗೆ ನಡೆಯಿರಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನ ರಸೀದಿಯನ್ನು ನೋಟ್‌ಬುಕ್ಕಿನ ಆ ದಿನದ ಪುಟಕ್ಕೆ ಅಂಟಿಸಿ. ಒಬ್ಬರೇ ಅರ್ಜಿ ಹಾಕಿ ಊರಿನಲ್ಲಿ ಒಂಟಿಯಾಗಬೇಡಿ. ಮೂರು ಜನ ಇರಿ, ಮೂವರೂ ಬೇರೆ ಬೇರೆ ಕೇರಿಯವರಿರಲಿ, ಬೇರೆ ಬೇರೆ ಪಕ್ಷದವರಾದರೆ ಇನ್ನೂ ಒಳ್ಳೆಯದು. ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬಳು ಸ್ವಸಹಾಯ ಸಂಘದ ಹೆಣ್ಣುಮಗಳು, ಒಬ್ಬ ಆಟೋ ಓಡಿಸುವ ಹುಡುಗ ಕೂಡಿ ಹೋದರೆ ‘ಇದು ಆ ಪಾರ್ಟಿಯವರ ಕಿತಾಪತಿ’ ಅನ್ನಲು ಯಾರಿಗೂ ಬಾಯಿ ಇರುವುದಿಲ್ಲ. ಮೊದಲ ಭೇಟಿಯಲ್ಲೇ ಜೋರು ಮಾಡಬೇಡಿ. ಪ್ರಧಾನಮಂತ್ರಿ ಕಚೇರಿಗೆ ಬರೆದ ಪತ್ರದ ಪ್ರತಿಯನ್ನು ಪಿಡಿಒಗೆ ಕೊಟ್ಟು ಹೆದರಿಸುವ ಹವ್ಯಾಸವೂ ಬೇಡ. ಆ ಪತ್ರ ಸುತ್ತಿ ಸುತ್ತಿ ಅದೇ ಪಿಡಿಒ ಮೇಜಿಗೇ ಬರುತ್ತದೆ.

ದಾಖಲೆ ಬಂದ ಮೇಲೆ ಅದು ಮಾತಾಡಬೇಕಾದ ಜಾಗ ಗ್ರಾಮಸಭೆ. 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದ ಪಂಚಾಯತಿಗಳ ಐದು ವರ್ಷ ಮುಗಿದಿದೆ, ಸದಸ್ಯರೇ ಇಲ್ಲದ ಮೇಲೆ ಏನು ಸಭೆ ಅಂತ ನೀವು ಅನ್ನಬಹುದು. ಸಂವಿಧಾನದ 243ನೇ ವಿಧಿಯಲ್ಲಿ ಗ್ರಾಮಸಭೆ ಎಂದರೆ ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಅಷ್ಟೂ ಜನ. ಪಂಚಾಯತಿಗೆ ಅವಧಿ ಇದೆ, ಗ್ರಾಮಸಭೆಗೆ ಅವಧಿ ಇಲ್ಲ. ಆಡಳಿತಾಧಿಕಾರಿ ಕೂತಿದ್ದರೂ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಚುನಾವಣೆ ತಡವಾಗುವುದು ಸಣ್ಣ ಚಿಂತೆಯಲ್ಲ, ಒಪ್ಪುತ್ತೇನೆ: ತಾಲ್ಲೂಕು, ಜಿಲ್ಲಾ ಪಂಚಾಯತಿಗಳ 2016ರ ಚುನಾವಣೆಯ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಬೆಂಗಳೂರು ಪಾಲಿಕೆಯ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಅಲ್ಲೂ ಅದೇ ಕಥೆ. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಅಂತ 243ಇ ವಿಧಿಯಲ್ಲಿ ಬರೆದಿದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದನ್ನು ಮರೆಯುತ್ತದೆ. ಊರಿನ ಗ್ರಾಮಸಭೆಯಲ್ಲಿ ‘ಚುನಾವಣೆ ಕೂಡಲೇ ನಡೆಸಿ’ ಎಂಬ ಒಂದು ನಿರ್ಣಯ ಬರೆಸಿ ರಾಜ್ಯ ಚುನಾವಣಾ ಆಯೋಗಕ್ಕೆ ಕಳಿಸುವುದಕ್ಕೆ ಖರ್ಚು ಒಂದು ಸ್ಪೀಡ್ ಪೋಸ್ಟ್.

ಸಭೆಯಲ್ಲಿ ಎಡವುವುದು ಎಲ್ಲಿ ಅಂದರೆ ಸಭೆಯ ನಿರ್ಣಯ ಬರೆಯುವ ನಡಾವಳಿ ಪುಸ್ತಕದಲ್ಲಿ. ಹಾಜರಿಗೆ ಅಂತ ಖಾಲಿ ಹಾಳೆಯ ಮೇಲೆ ಸಹಿ ತೆಗೆದುಕೊಂಡು, ಜನ ಊಟಕ್ಕೆ ಎದ್ದ ಮೇಲೆ ನಡಾವಳಿ ಬರೆಯುವುದು ಹಳೆಯ ಚಾಳಿ. ಮನೆಮನೆಗೆ ಪುಸ್ತಕ ಹೊತ್ತು ಸಹಿ ಹಾಕಿಸುವುದೂ ಉಂಟು. ವಾರ ಮೊದಲೇ ನಿಮ್ಮ ವಿಷಯವನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯಲ್ಲಿ ಎರಡು ನಿಮಿಷದಲ್ಲಿ ಮುಗಿಸಿ: ಅಳತೆ ಇಷ್ಟು, ಎಂಬಿಯಲ್ಲಿ ಇಷ್ಟು, ಇಂಥ ದಿನದೊಳಗೆ ಸರಿಮಾಡಿ. ಕೊನೆಗೆ ಎದ್ದು ನಿಂತು ‘ಬರೆದದ್ದನ್ನು ಒಮ್ಮೆ ಓದಿ ಹೇಳಿ ಸಾರ್’ ಅನ್ನಿ. ನಲವತ್ತು ಮಕ್ಕಳ ತರಗತಿ ನಡೆಸಿದವರಿಗೆ ಆ ದನಿ ಕಷ್ಟವಲ್ಲ. ಓದಿದ ಪುಟದ ಫೋಟೊ ತೆಗೆದುಕೊಂಡು ಆಮೇಲೆ ಸಹಿ ಹಾಕಿ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಡೆಯುವ ಜಮಾಬಂದಿಯನ್ನೂ ಬಿಡಬೇಡಿ. ಪಂಚಾಯತಿಯ ಹಿಂದಿನ ಸಾಲಿನ ಲೆಕ್ಕವನ್ನು ಸಾರ್ವಜನಿಕರ ಎದುರು ತೆರೆದಿಡುವ ದಿನ ಅದು. ಆರ್‌ಟಿಐ ಅರ್ಜಿ ಏಪ್ರಿಲ್-ಮೇ ತಿಂಗಳಲ್ಲಿ ಹಾಕಿದರೆ ಕಾಗದ ಆ ಹೊತ್ತಿಗೆ ಕೈಯಲ್ಲಿರುತ್ತದೆ.

ಮತದಾರರ ಪಟ್ಟಿಯ ಮಾತು ಬಂತಲ್ಲ, ಅದನ್ನು ಈ ವಾರವೇ ನೋಡಿ. ಕಾರ್ಡು ಕೈಯಲ್ಲಿದ್ದರೆ ಮತ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡು ಬರೀ ಪ್ಲಾಸ್ಟಿಕ್ಕು. ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ನಲ್ಲಿ ಹೆಸರಿನಿಂದ ಹುಡುಕಬೇಡಿ, ಕಾಗುಣಿತದಲ್ಲಿ ಸಿಕ್ಕಿಕೊಳ್ಳುತ್ತೀರಿ. ಕಾರ್ಡಿನ ಮೇಲಿನ ಹತ್ತು ಅಕ್ಷರ-ಅಂಕಿಯ ಸಂಖ್ಯೆ ಹಾಕಿ. ಹೊಸದಾಗಿ ಸೇರಿಸಲು ಫಾರಂ 6, ವಿಳಾಸ ಬದಲಿಗೆ ಮತ್ತು ತಿದ್ದುಪಡಿಗೆ ಫಾರಂ 8, ತೆಗೆಸಲು ಫಾರಂ 7. ಹದಿನೆಂಟು ತುಂಬಿದವರು ಜನವರಿ 1ಕ್ಕೇ ಕಾಯಬೇಕಾಗಿಲ್ಲ. ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಈಗ ಅರ್ಹತಾ ದಿನಗಳು. ಸಂದೇಹ ಬಂದರೆ 1950ಕ್ಕೆ ಫೋನ್ ಮಾಡಿ.

ಫಾರಂ 7 ಮೇಲೆ ಒಂದು ಕಣ್ಣಿರಲಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಮನೆಮನೆಗೆ ಹೋಗಿ ನೋಡಿದಾಗ ಸರಿಯಾದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು, ಪೊಲೀಸ್ ದೂರೂ ದಾಖಲಾಯಿತು. ಈ ಸುದ್ದಿಯನ್ನು ಭಯಕ್ಕೂ ಓದಬಹುದು, ಧೈರ್ಯಕ್ಕೂ ಓದಬಹುದು: ಕೈಚಳಕ ನಡೆದದ್ದು ನಿಜ, ಮತಗಟ್ಟೆ ಮಟ್ಟದಲ್ಲಿ ಬಾಗಿಲು ತಟ್ಟಿ ನೋಡಿದ್ದರಿಂದ ಅದು ನಿಂತದ್ದೂ ನಿಜ. ಬಿಹಾರದಲ್ಲಿ 2025ರಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗಲೂ, ಆ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಿತು. ಹೆಸರು ತೆಗೆದ ಆದೇಶಕ್ಕೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಂದ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಇದೆ.

ಇಂಥ ಪರಿಷ್ಕರಣೆಯಲ್ಲಿ 2002ರ ಸುಮಾರಿನ ಹಳೆಯ ಪಟ್ಟಿಯ ವಿವರ ಕೇಳುತ್ತಾರೆ. ನಿಮ್ಮ, ನಿಮ್ಮ ತಂದೆ-ತಾಯಿಯ ಹೆಸರು ಅದರಲ್ಲಿ ಎಲ್ಲಿದೆ, ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಏನು ಅಂತ ಈಗಲೇ ಹುಡುಕಿ ಬರೆದಿಡಿ. ನಿಮ್ಮ ಕಡೆಯವರು ಇಲ್ಲಿ ದಾರಿ ತಪ್ಪುವುದಕ್ಕೆ ಒಂದು ಸರಳ ಕಾರಣವಿದೆ: 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೆಳ್ಳಾವಿ ವಿಧಾನಸಭಾ ಕ್ಷೇತ್ರವೇ ಹೋಯಿತು. ತುಮಕೂರು ಗ್ರಾಮಾಂತರ ಅಂತ ಹುಡುಕಿದರೆ 2002ರಲ್ಲಿ ಏನೂ ಸಿಗುವುದಿಲ್ಲ. ಬೆಳ್ಳಾವಿ ಅಂತ ಹುಡುಕಿ. ಕಳ್ಳಂಬೆಳ್ಳ, ಹುಲಿಯೂರುದುರ್ಗದವರಿಗೂ ಇದೇ ಮಾತು. ಊರಿನಲ್ಲಿ ಹತ್ತು ಮುದುಕ-ಮುದುಕಿಯರ ಹೆಸರು ನೀವು ಹುಡುಕಿಕೊಟ್ಟರೆ, ಇಡೀ ವರ್ಷ ಟಿವಿ ಚರ್ಚೆ ನೋಡಿದ್ದಕ್ಕಿಂತ ಹೆಚ್ಚು ರಾಜಕೀಯ ಮಾಡಿದಂತೆ.

ಟಿವಿ ಅಂದಾಗ: ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಸುದ್ದಿ ಪೂರ್ತಿ ಬಿಟ್ಟವರಿಗೆ ಕರಡು ಪಟ್ಟಿ ಪ್ರಕಟವಾದದ್ದೂ ತಿಳಿಯುವುದಿಲ್ಲ. ಬೆಳಗ್ಗೆ ಪೇಪರನ್ನು ಜಿಲ್ಲೆಯ ಪುಟದಿಂದ ಶುರುಮಾಡಿ, ಮುಖಪುಟ ಆಮೇಲೆ. ರಾತ್ರಿ ಚರ್ಚೆಯಲ್ಲಿ ಹೊಸ ಮಾಹಿತಿ ಇರುವುದಿಲ್ಲ, ಬೆಳಗಿನದನ್ನೇ ಕಿರುಚಿ ಹೇಳುತ್ತಾರೆ, ಅದನ್ನು ನಿಲ್ಲಿಸಿ. ವಾಟ್ಸ್ಆ್ಯಪ್ ಗುಂಪುಗಳಿಂದ ಹೊರಬಿದ್ದರೆ ನೆಂಟರ ಜೊತೆ ಮನಸ್ತಾಪ. ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಿ, ದಿನಕ್ಕೊಂದು ಹೊತ್ತು ನೋಡಿ. ದಿನಾಂಕವೂ ಊರೂ ಇಲ್ಲದ ವಿಡಿಯೊವನ್ನು ಮುಂದಕ್ಕೆ ಕಳಿಸಬೇಡಿ. ಹೀಗೆಲ್ಲ ಮಾಡಿಯೂ ಎರಡು ವಾರ ನಿದ್ದೆ ಬಾರದೆ ಎದೆ ಢವಗುಟ್ಟುತ್ತಿದ್ದರೆ ಅದು ರಾಜಕೀಯದ ಲೆಕ್ಕಕ್ಕೆ ಬರುವುದಿಲ್ಲ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗನ ಜೊತೆ ದೇಶದ ಭವಿಷ್ಯದ ಬಗ್ಗೆ ವಾದಕ್ಕೆ ಇಳಿಯಬೇಡಿ. ಹೋಗುವುದು ಅವನ ಇಷ್ಟ, ಹೋದವರೆಲ್ಲ ದೇಶ ಬಿಟ್ಟವರೂ ಅಲ್ಲ. ಆದರೆ ಎರಡು ಕೆಲಸ ಒಪ್ಪಿಸಿ. ಅವನ ಹೆಸರು ಊರಲ್ಲೂ ಬೆಂಗಳೂರಲ್ಲೂ ಎರಡೂ ಕಡೆ ಇದೆಯೇ ನೋಡಲಿ. ಎರಡು ಕಡೆ ಇರುವುದು ಕಾನೂನಿಗೆ ವಿರುದ್ಧ, ಒಂದನ್ನು ತೆಗೆಸಲೇಬೇಕು. ಬೇರೆ ದೇಶದ ಪೌರತ್ವ ತೆಗೆದುಕೊಳ್ಳುವವರೆಗೆ ಫಾರಂ 6ಎ ತುಂಬಿ ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮತಗಟ್ಟೆಯಲ್ಲಿ ಸಾಗರೋತ್ತರ ಮತದಾರನಾಗಿ ಸೇರಬಹುದು. ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಅವನೇ ಬರಬೇಕು, ಸದ್ಯಕ್ಕೆ ಬೇರೆ ದಾರಿ ಇಲ್ಲ. ಮತದಾನದ ನೆಪದಲ್ಲಾದರೂ ಊರಿಗೆ ಬಂದರೆ ನಿಮಗೇನೂ ನಷ್ಟವಿಲ್ಲ.

ಮೊಮ್ಮಗಳು ಊರಿನಲ್ಲೇ ಇದ್ದರೆ, ಮುಂದಿನ ಸಲ ನೀರು ಬಿಡುವ ದಿನ ನಿಮ್ಮ ಮೊಬೈಲಿನ ಸ್ಟಾಪ್‌ವಾಚ್ ಅವಳ ಕೈಗೆ ಕೊಡಿ. ಕೊಡ ನೀವು ಹಿಡಿಯಿರಿ. ನೀರು ಕಂಠಕ್ಕೆ ಬಂದ ಕೂಡಲೇ ಒತ್ತಬೇಕು ಅಂತ ಮೊದಲೇ ಹೇಳಿಕೊಡಿ, ತುಂಬಿ ಚೆಲ್ಲುವವರೆಗೆ ಕಾದರೆ ನಾಲ್ಕೈದು ಸೆಕೆಂಡು ತಪ್ಪುತ್ತದೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಮನೆ, ಸೆಕೆಂಡು, ಮೂರು ಕಾಲಂ ಸಾಕು.